ಮನೆಯವನ ಮೇಲೆ ಕೇಸಾದರೆ: ಸತ್ತೇಗಾಲದಿಂದ ಕೋರ್ಟಿನವರೆಗೆ ಏಳು ಸೂತ್ರ

ರಾತ್ರಿ ಜೀಪು ಬಂದು ಮನೆ ಹುಡುಗನನ್ನು ಕರೆದೊಯ್ದಿತು ಅಂತಿಟ್ಟುಕೊಳ್ಳಿ. ಬೆಳಗಾಗುವುದರೊಳಗೆ ಸತ್ತೇಗಾಲ ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ ತೀರ್ಪು ಬಂದಿರುತ್ತದೆ. ಕೋರ್ಟಿನ ತೀರ್ಪಿಗೆ ಮಾತ್ರ ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಮನೆಯವರು ಅವನ ಜೊತೆಗೆ ನಿಲ್ಲಲಿ, ಸುಳ್ಳಿನ ಜೊತೆಗೆ ಬೇಡ. ಎರಡೂ ಒಂದೇ ಅಂತ ತಿಳಿದವರೇ ಹೆಚ್ಚು ಕೆಡುವುದು.

1. ಬಚ್ಚಿಡಬೇಡಿ
"ನನ್ ಮಗ ಅಂಥೋನಲ್ಲ ಕನಪ್ಪಾ" ಅನ್ನುವ ತಾಯಿ ಅದೇ ಉಸಿರಿನಲ್ಲಿ ಅವನನ್ನು ಗಡಿಯಾಚೆ ತಾಳವಾಡಿಯ ನೆಂಟರ ಮನೆಗೆ ಸಾಗಿಸುತ್ತಾಳೆ. ಭಾರತೀಯ ನ್ಯಾಯ ಸಂಹಿತೆಯ 249ನೇ ಕಲಮು ನೋಡಿ: ಅಪರಾಧಿಯೆಂದು ಗೊತ್ತಿದ್ದೂ ಶಿಕ್ಷೆ ತಪ್ಪಿಸಲು ಆಶ್ರಯ ಕೊಟ್ಟರೆ, ಮೂಲ ಅಪರಾಧಕ್ಕೆ ಮರಣದಂಡನೆ ಇರುವ ಪಕ್ಷದಲ್ಲಿ ಆಶ್ರಯ ಕೊಟ್ಟವರಿಗೂ 5 ವರ್ಷದವರೆಗೆ ಜೈಲು. ಈ ಕಲಮಿನಿಂದ ವಿನಾಯಿತಿ ಇರುವುದು ಗಂಡನಿಗೆ ಅಥವಾ ಹೆಂಡತಿಗೆ ಮಾತ್ರ. ಹೆತ್ತವಳಿಗೆ ಇಲ್ಲ, ಅಣ್ಣತಮ್ಮಂದಿರಿಗೂ ಇಲ್ಲ. ಇದು ಕ್ರೂರ ಅಂತಲೇ ನನ್ನ ಅಭಿಪ್ರಾಯ, ಆದರೆ ಕಾನೂನು ಇರುವುದು ಹಾಗೆ.

ಹೆಂಡತಿಗೆ ಇನ್ನೊಂದು ರಕ್ಷಣೆಯೂ ಉಂಟು. ಗಂಡ ಅವಳಿಗೆ ಹೇಳಿಕೊಂಡ ಮಾತನ್ನು ಕೋರ್ಟಿನಲ್ಲಿ ಬಾಯಿಬಿಡು ಎಂದು ಸಾಮಾನ್ಯವಾಗಿ ಬಲವಂತ ಮಾಡುವಂತಿಲ್ಲ. ಹಾಗಂತ ರಕ್ತ ಮೆತ್ತಿದ ಅಂಗಿಯನ್ನು ರಾತ್ರೋರಾತ್ರಿ ಹೊಳೆಯಲ್ಲಿ ಒಗೆದು ಬಂದರೆ ಅದು ಸಾಕ್ಷ್ಯನಾಶ, 238ನೇ ಕಲಮು. ಅಲ್ಲಿ ಅವಳಿಗೂ ರಿಯಾಯಿತಿಯಿಲ್ಲ.

2. ದಸ್ತಗಿರಿ ಕಾಗದದಲ್ಲಿ ಗಂಟೆ ನೋಡಿ
ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೊಬ್ಬರೋ ಊರಿನ ಮರ್ಯಾದಸ್ಥರೊಬ್ಬರೋ ರುಜು ಹಾಕಬೇಕು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಈಗ ಕಾಯಿದೆಯಲ್ಲೇ ಸೇರಿದೆ. ರುಜು ಹಾಕುವ ಮುಂಚೆ ಕರೆದೊಯ್ದ ಹೊತ್ತನ್ನೇ ಬರೆದಿದ್ದಾರಾ ನೋಡಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಆ ಲೆಕ್ಕ ಶುರುವಾಗುವುದು ಕರೆದೊಯ್ದ ಹೊತ್ತಿನಿಂದ.

3. ಅಜ್ಜನನ್ನು ಠಾಣೆಗೆ ಅಲೆಸಬೇಡಿ
ಸಾಕ್ಷಿ ವಿಚಾರಣೆಗೆಂದು ಹೆಂಗಸರನ್ನೂ 60 ದಾಟಿದ ಗಂಡಸರನ್ನೂ ಠಾಣೆಗೆ ಬರಲೇಬೇಕು ಎನ್ನುವಂತಿಲ್ಲ. ಅವರಿರುವ ಮನೆಯಲ್ಲೇ ಕೇಳಬೇಕು. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಬೇಕಿಲ್ಲ, ಬರಿ ಹಾಳೆಗಂತೂ ಹೆಬ್ಬೆಟ್ಟು ಒತ್ತಲೇಬೇಡಿ.

4. ಎಲ್ಲರಿಗೂ ಒಂದೇ ಪಾಠ ಹೇಳಿಕೊಡಬೇಡಿ
ಅಕ್ಕ, ಭಾವ, ಚಿಕ್ಕಪ್ಪ ಮೂವರೂ "ಅವನು ಆವತ್ತು ಮನೆಯಲ್ಲೇ ಮಲಗಿದ್ದ" ಎಂದು ಅಕ್ಷರ ತಪ್ಪದೆ ಒಪ್ಪಿಸಿದರೆ ಸರ್ಕಾರಿ ವಕೀಲರಿಗೆ ಹಬ್ಬ. ಏನು ಊಟ, ಕರೆಂಟ್ ಇತ್ತಾ, ಬಾಗಿಲು ತೆಗೆದವರು ಯಾರು ಅಂತ ಕೇಳಿದರೆ ಮೂವರೂ ಮೂರು ದಿಕ್ಕು. ಸುಳ್ಳು ಸಾಕ್ಷಿಗೆ 7 ವರ್ಷದವರೆಗೆ ಶಿಕ್ಷೆ. ನಿಜ ಹೇಳುವ ಸಂಬಂಧಿಕನ ಮಾತನ್ನು ಸಂಬಂಧಿಕ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದಿಲ್ಲ.

5. ಕಾಗದ ಜೋಪಾನ, ಓಡಾಟ ನಿಲ್ಲಿಸಬೇಡಿ
ಇದನ್ನು ನಮ್ಮ ಸೀಮೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಮಾದಪ್ಪನ ಬೆಟ್ಟದ ಸುತ್ತಿನ ಹಳ್ಳಿಗಳಿಂದ ಗಂಡಸರು, ಹೆಂಗಸರು ಭಯೋತ್ಪಾದನೆ ತಡೆಯ ಟಾಡಾ ಕಾಯಿದೆಯಡಿ ಜೈಲು ಸೇರಿದರು. ಸಾಮಾನ್ಯ ಕೇಸುಗಳಲ್ಲಿ ಪೊಲೀಸರೆದುರಿನ ತಪ್ಪೊಪ್ಪಿಗೆಗೆ ಕಿಮ್ಮತ್ತಿಲ್ಲ. ಟಾಡಾದಲ್ಲಿ ಎಸ್ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಅದೇ ಸಾಕ್ಷ್ಯವಾಗುತ್ತಿತ್ತು. ಮೈಸೂರಿನ ಟಾಡಾ ನ್ಯಾಯಾಲಯದ ತೀರ್ಪು ಬಂದದ್ದು 2001ರಲ್ಲಿ. ಹೆಚ್ಚಿನವರು ಖುಲಾಸೆಯಾದರು. ಅಷ್ಟರಲ್ಲಿ ಹೊಲ ಬೀಳು ಬಿದ್ದು ಮಕ್ಕಳು ಬೆಳೆದುಬಿಟ್ಟಿದ್ದರು.

1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ನಡೆಸಿದ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತಿದ್ದರು, ಅವರಿಗೂ ಮನೆಮಠ ಇತ್ತು. ಆ ಪ್ರಕರಣದಲ್ಲಿ ನಾಲ್ವರಿಗೆ ಜೀವಾವಧಿ ಆಯಿತು. ಅವರು ಮೇಲ್ಮನವಿ ಹಾಕಿಕೊಂಡರೆ 2004ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಗಲ್ಲುಶಿಕ್ಷೆಗೆ ಹೆಚ್ಚಿಸಿತು. ಆಮೇಲೆ ಅವರನ್ನಿಟ್ಟಿದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ, ಕೊಳ್ಳೇಗಾಲದಿಂದ ಐನೂರು ಕಿಲೋಮೀಟರಿಗೂ ದೂರ. ಕೂಲಿ ಬಿಟ್ಟು ಒಂದು ಸಲ ಮುಖ ನೋಡಿ ಬರಲು ಎಷ್ಟು ಖರ್ಚು, ಲೆಕ್ಕ ಹಾಕಿ. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದೇ ಕಾರಣವಾಗಿ 2014ರ ಜನವರಿ 21ರಂದು ಗಲ್ಲು ಮತ್ತೆ ಜೀವಾವಧಿಗೆ ಇಳಿಯಿತು. ಅಂದರೆ ಜೀವ ಉಳಿಸಿದ್ದು ತಾರೀಕುಗಳು. ಎಫ್‌ಐಆರ್ ಪ್ರತಿ, ರಿಮ್ಯಾಂಡ್ ದಿನಾಂಕ, ಅರ್ಜಿಯ ಸ್ವೀಕೃತಿ ಎಲ್ಲಕ್ಕೂ ಒಂದು ಫೈಲು ಮಾಡಿ. ಸಾಮಾನ್ಯ ಕೇಸುಗಳಲ್ಲಿ 60 ದಿನ, ಗುರುತರ ಆರೋಪವಿದ್ದರೆ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕು. ಆದರೆ ಚಾರ್ಜ್‌ಶೀಟ್ ಬೀಳುವ ಮುಂಚೆಯೇ ಕೇಳಬೇಕು, ಕೇಳದಿದ್ದರೆ ತಪ್ಪಿಹೋಗುತ್ತದೆ.

6. ದೂರುದಾರರ ಮನೆ ಬಾಗಿಲಿಗೆ ಹೋಗಬೇಡಿ
"ಒಂದ್ ಮಾತ್ ಆಡ್ಕೊಂಡ್ ಬತ್ತೀನಿ" ಅಂತ ಹೋದ ದೊಡ್ಡಪ್ಪನ ಮೇಲೆ ಸಾಕ್ಷಿಗೆ ಬೆದರಿಕೆ ಹಾಕಿದ ದೂರು ಬೀಳಬಹುದು, ಸಿಕ್ಕಿದ ಜಾಮೀನೂ ರದ್ದಾಗಬಹುದು. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಸವಾಲು ಹಾಕುವುದೂ ಇದೇ ಜಾತಿ.

7. ಅವನೇ ಮಾಡಿದ್ದರೆ?
ಕಷ್ಟದ ಪ್ರಶ್ನೆ. ಆಗಲೂ ಬುತ್ತಿ ಒಯ್ಯಿರಿ, ವಕೀಲರನ್ನಿಡಿ. ವಕೀಲರ ಮುಂದೆ ಅವನು ನಿಜ ಹೇಳಲಿ. ನಡೆದುಹೋದದ್ದರ ಬಗ್ಗೆ ಹೇಳಿಕೊಂಡ ಗುಟ್ಟನ್ನು ಅವರು ಹೊರಗೆ ಹಾಕುವಂತಿಲ್ಲ. ದುಡ್ಡಿಗಾಗಿ ಪಹಣಿ ಅಡವಿಡಲು ಹೊರಡುವ ಮುಂಚೆ ಕೊಳ್ಳೇಗಾಲ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಬಂಧನದಲ್ಲಿರುವವರಿಗೂ, ಹೆಂಗಸರಿಗೂ, ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100, ಕರೆಗೆ ಕಾಸಿಲ್ಲ. ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ.