ಓಡಿ ಬಂದ ಕೂಡಲೇ ನಿಲ್ಲಬೇಡಿ

ಪೊಲೀಸ್, ಸೈನ್ಯ ಭರ್ತಿಗೆ ತಯಾರಿ ನಡೆಸಿರುವ ತಮ್ಮಂದಿರೇ, ತಂಗಿಯರೇ, ಐಹೊಳೆಯ ಮೇಗುತಿ ಗುಡ್ಡದ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿದಿರಾ? ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿರುವ ಬಸದಿ ಮುಟ್ಟಿದೊಡನೆ ಗಕ್ಕನೆ ನಿಂತುಬಿಡಬೇಡಿ. ಓಡುವಾಗ ಮೀನಖಂಡಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ, ಹೃದಯದತ್ತ ತಳ್ಳುತ್ತಿರುತ್ತವೆ. ಕಾಲು ನಿಂತರೆ ರಕ್ತ ಕೆಳಗೇ ಉಳಿದು ತಲೆ ಸುತ್ತಬಹುದು. ಐದ್ಹತ್ತು ನಿಮಿಷ ಮೇಲೆಯೇ ನಿಧಾನವಾಗಿ ಅಡ್ಡಾಡಿ. ಓಟದಿಂದ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಎಂಬ ವಸ್ತು, ಸುಮ್ಮನೆ ಕೂತಾಗಿನದಕ್ಕಿಂತ ಹಗುರಾಗಿ ನಡೆದಾಗ ಬೇಗ ತಗ್ಗುತ್ತದೆ. ಹೃದಯ, ಸ್ನಾಯುಗಳು ಅದನ್ನೇ ಇಂಧನವಾಗಿ ಉರಿಸಿಕೊಳ್ಳುತ್ತವೆ. ಇಳಿಯುವಾಗಂತೂ ಓಡಬೇಡಿ, ಮರುದಿನದ ತೊಡೆನೋವಿಗೆ ಇಳಿಜಾರಿನ ಹೆಜ್ಜೆಗಳೇ ಹೆಚ್ಚು ಕಾರಣ. ಆ ನೋವಿಗೆ ಹೆದರಿ ಮಲಗಬೇಡಿ. ಸ್ವಲ್ಪ ನಡೆದಾಡಿ, ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ಎದೆ ಬಿಗಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ.