ಇವತ್ತು ಬಿದಿಗೆ

ಕೋಲಾರದ ಕಡೆಯ ಹಳ್ಳಿಗಳಲ್ಲಿ ಹಿರಿಯರ ಮರೆವಿನ ಸಂಶೋಧನೆಗೆ ಮಾಹಿತಿ ಕಲೆಹಾಕುತ್ತ ಒಂಬತ್ತು ವರ್ಷ ಓಡಾಡಿದ್ದೇನೆ. ಶಿಬಿರಕ್ಕೆ ಬಾರದವರ ಹೆಸರಿನ ಮುಂದೆ ಮೊದಮೊದಲು ನಾನೂ ‘ಸಹಕರಿಸಲಿಲ್ಲ’ ಎಂದು ಷರಾ ಬರೆದವಳೇ. ಈಗ ಬರೆಯುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟು.

1. ಶಿಬಿರದ ಜಾಗ ನೋಡಿಕೊಳ್ಳಿ. ಮೊದಲ ಊರಲ್ಲಿ ದೇವಸ್ಥಾನದ ಜಗುಲಿ ಸಿಕ್ಕಿತು. ನೆರಳು, ಫ್ಯಾನು, ಎಲ್ಲ ಅನುಕೂಲ. ಮೂರನೇ ದಿನ ಪಟ್ಟಿ ನೋಡಿದರೆ ದಲಿತರ ಕಾಲೊನಿಯಿಂದ ಒಬ್ಬರೂ ಇಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಆ ಊರಿಗಿರಲಿಲ್ಲ. ಈಗ ಮೊದಲ ದಿನ ಕಾಲೊನಿಯ ಅಂಗನವಾಡಿಯಲ್ಲೇ ಕೂರುತ್ತೇವೆ.

2. ಮನೆಯವರಿಗೆ ಇದು ಕಾಯಿಲೆಯಲ್ಲ, ಅರಳು ಮರಳು. ಫಾರಂನಲ್ಲಿ ಅಚ್ಚಾಗಿದ್ದ ‘ಬುದ್ಧಿಮಾಂದ್ಯತೆ’ ಎಂಬ ಮಾತು ಓದಿದ್ದಕ್ಕೆ ಮಗನೊಬ್ಬ ನಮ್ಮನ್ನು ಬಾಗಿಲಿಂದಲೇ ಕಳಿಸಿದ. ಸರಿಯಾಗೇ ಮಾಡಿದ. ‘ಮರೆವಿನ ಕಾಯಿಲೆ’ ಅಂದರೆ ಸಾಕು.

3. ಪ್ರಶ್ನೆಗಳನ್ನೇ ಅನುಮಾನಿಸಿ. 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಂಎಂಎಸ್‌ಇ ಪರೀಕ್ಷೆ ಒಂದು ವಾಕ್ಯ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಅನ್ನುತ್ತದೆ. ಪೆನ್ಸಿಲ್ಲೇ ಹಿಡಿಯದವರ ನೆನಪನ್ನು ಅದು ಹೇಗೆ ಅಳೆದೀತು? ಹರಿಯಾಣದ ಬಲ್ಲಭಗಡದಲ್ಲಿ 1990ರ ದಶಕದಲ್ಲೇ ಓದುಬರಹ ಬಾರದವರಿಗಾಗಿ ಅದನ್ನು ಹಿಂದಿಯಲ್ಲಿ ಬದಲಿಸಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಈಗ ಕನ್ನಡದಲ್ಲೂ ಇವೆ.

ಒಬ್ಬ ಅಜ್ಜಿಯನ್ನು ತಾರೀಖು ಕೇಳಿದೆ. “ತಾರೀಖು ಯಾಕಮ್ಮ? ಮೊನ್ನೆ ಅಮಾಸೆ ಆಯ್ತು, ಇವತ್ತು ಬಿದಿಗೆ.” ಗೋಡೆಯ ಕ್ಯಾಲೆಂಡರ್ ನೋಡಿದೆ, ಸರಿ. ಫಾರಂ ಪ್ರಕಾರ ಸೊನ್ನೆ! ಆ ವಾರ ಡೈರಿಗೆ ಹಾಕಿದ ಹಾಲಿನ ಲೆಕ್ಕವೂ ಆಕೆಗೆ ಬಾಯಲ್ಲೇ ಇತ್ತು.

ಭಾಷೆಯೂ ಹಾಗೇ. ಇಲ್ಲಿ ಎಷ್ಟೋ ಮನೆಗಳ ಒಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಯಾವುದರಲ್ಲಿ ಮಾತಾಡೋಣ ಅಂತ ಮೊದಲೇ ಕೇಳಿ. 2013ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದರಲ್ಲಿ 648 ರೋಗಿಗಳಿದ್ದರು. ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಅನಕ್ಷರಸ್ಥರಲ್ಲೂ ತಡವಾಗಿತ್ತು. ಅವರನ್ನು ಕೈಬಿಟ್ಟಿದ್ದರೆ ಇದು ಭಾಷೆಯ ಫಲವೋ ಶಾಲೆಯದೋ ಎಂದು ಬಿಡಿಸಿ ಹೇಳುವುದು ಹೇಗೆ?

4. ರೇಷ್ಮೆ ಹುಳ ಹಣ್ಣಾಗುವ ವಾರ ಊರಿಗೆ ಹೋಗಲೇಬೇಡಿ. ಯಾರಿಗೂ ಪುರುಸೊತ್ತಿರುವುದಿಲ್ಲ.

5. ಇಂಕ್ ಪ್ಯಾಡ್ ಕೊನೆಗೆ ತೆಗೆಯಿರಿ. ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಮನೆಗಳಿವೆ. ಒಪ್ಪಿಗೆ ಪತ್ರ ಗಟ್ಟಿಯಾಗಿ ಓದಿ. ಸಾಕ್ಷಿ ಯಾರೆಂದು ಅವರೇ ಹೇಳಲಿ.

6. ಒಂಟಿಯಾಗಿರುವವರನ್ನು ಬಿಡಬೇಡಿ. ಲಾಸಿ-ಡ್ಯಾಡ್ ಎಂಬ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಈ ಮರೆವಿನ ಕಾಯಿಲೆ (ಡಿಮೆನ್ಶಿಯಾ) ಇದೆ. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಹೆಚ್ಚು. ಆದರೆ ನಮಗೆ ‘ಜೊತೆಗಿರುವವರ ಹೇಳಿಕೆ’ ಬೇಕು. ಮಗ ಬೆಂಗಳೂರು ಸೇರಿದ, ಗಂಡ ಸತ್ತ ಹೆಂಗಸಿಗೆ ಹೇಳಿಕೆ ಕೊಡುವವರು ಯಾರು? ಅಂಥವರ ಫಾರಂ ‘ಅಪೂರ್ಣ’ ಎಂದು ಪಕ್ಕಕ್ಕೆ ಹೋಗುತ್ತಿತ್ತು. ನಮ್ಮ ಮೇಲಿನವರ ಜೊತೆ ಜಗಳಾಡಿ ಪಕ್ಕದ ಮನೆಯವರ ಮಾತೂ ನಡೆಯುತ್ತದೆ ಎಂದು ಒಪ್ಪಿಸಿದೆ. ಹಾಗೆ ಕೂತು ಕೇಳಿದ ಮೊದಲ ನೆರೆಯಾಕೆ ಅಂದದ್ದು: “ಸಾರು ಮಾಡಿದ ದಿನ ಅಜ್ಜಿ ನಮಗೊಂದು ಬಟ್ಟಲು ಕೊಡ್ತಿತ್ತು. ಎರಡು ತಿಂಗಳಿಂದ ಇಲ್ಲ. ಕೇಳಿದ್ರೆ, ಈಗ ತಾನೇ ಕೊಟ್ಟೆನಲ್ಲಮ್ಮ ಅಂತದೆ.”