ನೆಂಟಸ್ತಿಕೆ ನಂಬಿ ಕೆಡಬೇಡ

ನಿಮ್ಮ ಕಂಪನಿಯ ಆ್ಯಪಿನಲ್ಲಿರುವ ಇಂಗ್ಲಿಷ್ ಬರಹವನ್ನೆಲ್ಲ ಡೇನಿಷ್‌ಗೆ ತರುವ ಕೆಲಸದಲ್ಲಿ ಮೊದಲ ಕರಡು ನಿನ್ನ ಪಾಲಿಗೆ ಬಂದಿದೆಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಒಳ್ಳೆಯದಾಯಿತು ಕಣಮ್ಮ. ಭಾಷಾ ಶಾಲೆಯ ಪರೀಕ್ಷೆಗೆ ಓದಿ ಕಲಿತದ್ದಕ್ಕಿಂತ ಹೆಚ್ಚು ಡೇನಿಷ್ ಈ ಕೆಲಸ ಮಾಡುತ್ತ ಕಲಿಯುತ್ತೀಯ. ಇಂಗ್ಲಿಷಿನ ನುಡಿಗಟ್ಟುಗಳನ್ನು ಏನು ಮಾಡುವುದು ಅಂತ ಹೆದರಿದ್ದೀಯಂತೆ. ಹೆದರಬೇಕಾದ ಜಾಗ ಅದಲ್ಲ, ಬೇರೆ ಇದೆ. ಅದನ್ನು ಹೇಳೋಣ ಅಂತಲೇ ಈ ಕಾಗದ.

ನುಡಿಗಟ್ಟಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಇಂಗ್ಲಿಷರ ಜಡಿಮಳೆಯಲ್ಲಿ ನಾಯಿ ಬೆಕ್ಕು ಬೀಳುತ್ತವೆ. ಡೇನರ ಮಳೆಯಲ್ಲಿ ಜೋಡು ಹೊಲಿಯುವವನ ಬಳಿ ಕೆಲಸಕ್ಕಿರುವ ಹುಡುಗರು ಬೀಳುತ್ತಾರೆ: 'ಡೇ ರೈನ ಸ್ಕೋಮೇಯರ್‌ಡ್ರೆಂಗ'. ಒಂದೇ ಕಲ್ಲಿಗೆ ಎರಡು ಹಕ್ಕಿ ಅನ್ನುವ ಕಡೆ ಇಲ್ಲಿಯವರು ಒಂದೇ ಏಟಿಗೆ ಎರಡು ನೊಣ ಅನ್ನುತ್ತಾರೆ. ಸುತ್ತಿಬಳಸಿ ಮಾತಾಡುವವನು ಇಂಗ್ಲಿಷಿನಲ್ಲಿ ಪೊದೆಯ ಸುತ್ತ ಬಡಿಯುತ್ತಾನೆ, ಇಲ್ಲಿ ಬಿಸಿ ಗಂಜಿಯ ಸುತ್ತ ಸುಳಿಯುವ ಬೆಕ್ಕಾಗುತ್ತಾನೆ. ನೋಡದೆ ಕೊಂಡು ಮೋಸಹೋದವನ ಚೀಲದೊಳಗೆ ಇಂಗ್ಲಿಷಿನಲ್ಲಿ ಹಂದಿಮರಿ ಇದ್ದರೆ ಡೇನಿಷಿನಲ್ಲಿ ಬೆಕ್ಕು ಇರುತ್ತದೆ. ಏನೋ ಮಸಲತ್ತು ನಡೆದಿದೆ ಅನ್ನಿಸಿದಾಗ ಇಂಗ್ಲಿಷಿನವರಿಗೆ ಮೀನಿನ ವಾಸನೆ ಬರುತ್ತದೆ. ಡೇನರು ಮಾತ್ರ 'ಊಲ ಈ ಮೋಸನ್', ಜೌಗಿನಲ್ಲಿ ಗೂಬೆಗಳಿವೆ ಅನ್ನುತ್ತಾರೆ. ಅವು ಮೊದಲು ಗೂಬೆಗಳಲ್ಲ, ತೋಳಗಳು. ಯುಟ್‌ಲ್ಯಾಂಡಿನ ಆಡುಮಾತಿನಲ್ಲಿ ತೋಳಕ್ಕಿದ್ದ ಉಚ್ಚಾರ ಉಳಿದವರ ಕಿವಿಗೆ ಗೂಬೆಯ ಹಾಗೆ ಕೇಳಿಸಿ, ಹಾಗೇ ನಿಂತುಬಿಟ್ಟಿತು.

ನನಗೆ ಬಲು ಇಷ್ಟವಾದದ್ದು ಒಂಟೆ ನುಂಗುವುದು. ಮನಸ್ಸಿಲ್ಲದಿದ್ದರೂ ಒಪ್ಪಿಕೊಳ್ಳಲೇಬೇಕಾದ ರಾಜಿಗೆ ಡೇನರು ಹೀಗೆ ಹೇಳುತ್ತಾರೆ. ಮಾತು ಬಂದದ್ದು ಬೈಬಲಿನ ಮತ್ತಾಯನ ಸುವಾರ್ತೆಯಿಂದ, ಬದುಕುತ್ತಿರುವುದು ಇಲ್ಲಿಯ ರಾಜಕೀಯದಲ್ಲಿ. ಡೆನ್ಮಾರ್ಕಿನ ಸಂಸತ್ತು ಫೋಲ್ಕೆಟಿಂಗಿನಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಯಾವ ಪಕ್ಷಕ್ಕೂ ಒಂಟಿಯಾಗಿ ಬಹುಮತ ಸಿಕ್ಕಿಲ್ಲ. ಹಾಗಾಗಿ ಸರ್ಕಾರ ನಡೆಸಬೇಕೆಂದರೆ ಎಲ್ಲರೂ ಆಗಾಗ ಒಂದೊಂದು ಒಂಟೆ ನುಂಗಲೇಬೇಕು. ಪತ್ರಿಕೆ ತೆರೆದರೆ ಈ ಮಾತು ಕಣ್ಣಿಗೆ ಬೀಳದ ವಾರವಿಲ್ಲ.

ಇಂಥವೆಲ್ಲ ನಿಘಂಟಿನಲ್ಲಿವೆ. 'ಡೆನ್ ಡೆನ್ಸ್ಕೆ ಓರ್‌ಬೊ' ಅಂತ ಒಂದು ದೊಡ್ಡ ನಿಘಂಟಿದೆ. 2003ರಿಂದ 2005ರವರೆಗೆ ಆರು ಸಂಪುಟಗಳಲ್ಲಿ ಅಚ್ಚಾಯಿತು, ಈಗ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಒಂದೊಂದು ಪದದ ಕೆಳಗೂ ಅದು ಸೇರಿರುವ ನುಡಿಗಟ್ಟುಗಳನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಸಂಶಯ ಬಂದಾಗ ಇಂಗ್ಲಿಷ್-ಡೇನಿಷ್ ನಿಘಂಟಿಗೆ ಓಡುವುದಕ್ಕಿಂತ ನೇರ ಇದಕ್ಕೇ ಹೋಗು. ಇಬ್ಬರ ನಡುವಿನ ದಲ್ಲಾಳಿಯ ಮಾತಿಗಿಂತ ಮನೆಯವರ ಮಾತು ಮೇಲು.

ಒಂದು ಎಚ್ಚರಿಕೆ. ಇಂಗ್ಲಿಷಿನಲ್ಲಿ ನುಡಿಗಟ್ಟು ಇದೆಯೆಂದು ಡೇನಿಷಿನಲ್ಲೂ ಒಂದನ್ನು ಹುಡುಕಿ ಕೂರಿಸಲೇಬೇಕೆಂದಿಲ್ಲ. ನಿಮ್ಮ ಆ್ಯಪು 'ಇಟ್ಸ್ ಎ ಪೀಸ್ ಆಫ್ ಕೇಕ್' ಅಂತ ಬಳಕೆದಾರನಿಗೆ ಧೈರ್ಯ ಹೇಳುತ್ತಿದ್ದರೆ, 'ಡೇ ಎ ನೆಮ್ಟ್', ಸುಲಭ ಇದು ಅಂದರೆ ಸಾಕು. ಮಳೆಯೂ ಅಷ್ಟೆ. ದಿನಬಳಕೆಯ ಮಾತಿನಲ್ಲಿ ಡೇನರು ಆ ಹುಡುಗರನ್ನು ಕರೆತರುವುದು ಕಡಿಮೆ. 'ಡೇ ಓಸ ನೆದ್', ಸುರೀತಾ ಇದೆ ಅಂದು ಕೊಡೆ ಬಿಚ್ಚುತ್ತಾರೆ. ಸಾಲುಸಾಲಿಗೂ ಗಾದೆ ತುರುಕಿದ ಡೇನಿಷ್ ಓದಿದರೆ ಪರದೇಶಿಯೊಬ್ಬರು ಪುಸ್ತಕದಿಂದ ಕಲಿತು ಬರೆದದ್ದು ಅಂತ ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಈಗ ನಿಜವಾಗಿ ಹೆದರಬೇಕಾದ ಜಾಗಕ್ಕೆ ಬರುತ್ತೇನೆ. ಇಂಗ್ಲಿಷು, ಡೇನಿಷು ದಾಯಾದಿಗಳು. ಒಂದು ಸಾವಿರ ವರ್ಷದ ಹಿಂದೆ ಈ ಕಡೆಯಿಂದ ಹಡಗಿನಲ್ಲಿ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದವರು ಟೇಕ್, ಗೆಟ್, ಎಗ್, ವಿಂಡೋ, ಕೊನೆಗೆ ದೇ ಅನ್ನುವ ಸರ್ವನಾಮವನ್ನೂ ಅಲ್ಲಿಯ ಮಾತಿಗೆ ಕೊಟ್ಟರು. ಈ ನೆಂಟಸ್ತಿಕೆಯಿಂದಲೇ ಅಪ್, ಔಟ್, ಆಫ್ ಅಂತ ಪುಟ್ಟ ಪದ ಸೇರಿಸಿಕೊಂಡ ಫ್ರೇಸಲ್ ವರ್ಬುಗಳು ಎರಡೂ ಕಡೆ ಒಂದೇ ಮುಖಚಹರೆಯವು. 'ಗಿವ್ ಅಪ್' ಅಂದರೆ 'ಗೀ ಒಪ್'. 'ಲುಕ್ ಅಪ್ ಟು' ಅಂದರೆ 'ಸೇ ಒಪ್ ಟಿಲ್'. 'ಫೈಂಡ್ ಔಟ್' ಅಂದರೆ 'ಫಿನ್ನೆ ಉದ್ ಎ'. ಹೀಗೆ ಸಾಲಾಗಿ ಸರಿಹೋಗುತ್ತ ಬಂದರೆ ನಿನಗೆ ಧೈರ್ಯ ಬಂದುಬಿಡುತ್ತದೆ. ಮುಂದಿನದು ಕೈಕೊಡುವುದು ಆಗಲೇ.

'ಹೊಲೆ ಒಪ್' ತೆಗೆದುಕೊ. ಅಕ್ಷರಕ್ಕೆ ಅಕ್ಷರ ಇಂಗ್ಲಿಷಿನ 'ಹೋಲ್ಡ್ ಅಪ್'. ಅರ್ಥ ಮಾತ್ರ ನಿಲ್ಲಿಸು, ಬಿಟ್ಟುಬಿಡು ಅಂತ. ಸಿಗರೇಟು ಬಿಟ್ಟವನು ಇಂಗ್ಲಿಷಿನಲ್ಲಿ 'ಗಿವ್ ಅಪ್' ಮಾಡುತ್ತಾನೆ, ಡೇನಿಷಿನಲ್ಲಿ 'ಹೊಲೆ ಒಪ್' ಮಾಡುತ್ತಾನೆ. ಇನ್ನು 'ಸ್ಲೊ ಒಪ್'. ಸ್ಲೊ ಅಂದರೆ ಹೊಡೆ. ನಿಘಂಟಿನಲ್ಲಿ ಪದ ಹುಡುಕಿದರೂ ಅದು 'ಸ್ಲೊ ಒಪ್', ಪ್ರೀತಿಸಿದವರು ಬೇರೆಯಾದರೂ ಅದೇ 'ಸ್ಲೊ ಒಪ್'. ಇಂಗ್ಲಿಷು ಒಂದಕ್ಕೆ 'ಲುಕ್ ಅಪ್', ಇನ್ನೊಂದಕ್ಕೆ 'ಬ್ರೇಕ್ ಅಪ್' ಅಂತ ಬೇರೆ ಬೇರೆ ಇಟ್ಟುಕೊಂಡಿದೆ. 'ರನ್ ಔಟ್ ಆಫ್' ಅನ್ನುವುದಕ್ಕೆ ಔಟ್ ಅನ್ನುವ ಪದವನ್ನು ಇಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಡೇನರ ಮನೆಯಲ್ಲಿ ಹಾಲು ಮುಗಿದರೆ ಅವರು ಹಾಲಿಗಾಗಿ 'ಒಣಗಿ ಓಡುತ್ತಾರೆ', 'ಲೋಬೆ ತೋರ್ ಫೊರ್' ಅಂತ.

ಇವೆಲ್ಲಕ್ಕಿಂತ ಮೋಸದ್ದು 'ಒಪ್‌ಗೀ'. ಡೇನಿಷಿನಲ್ಲಿ ಆ ಪುಟ್ಟ ಪದ ಕ್ರಿಯಾಪದದ ಹಿಂದೆಯೂ ನಿಲ್ಲುತ್ತದೆ, ಮುಂದೆ ಬಂದು ಅಂಟಿಕೊಳ್ಳಲೂಬಹುದು. ಬಿಡಿಯಾಗಿದ್ದರೆ ಆಡುಮಾತು, ಅಂಟಿಕೊಂಡರೆ ಕಚೇರಿಯ ಮಾತು. ಎಷ್ಟೋ ಸಲ ಅರ್ಥವೇ ಬೇರೆ. ಸಹಿ ಹಾಕುವುದು ಹೇಗಿದ್ದರೂ ಸಹಿಯೇ: 'ಸ್ಕ್ರೀವೆ ಉನ್ನ' ಅಂದರೂ ಸರಿ, 'ಉನ್ನಸ್ಕ್ರೀವೆ' ಅಂದರೂ ಸರಿ, ಎರಡನೆಯದು ಸ್ವಲ್ಪ ಗತ್ತಿನದು. ಆದರೆ 'ಸ್ತೊ ಒಪ್' ಅಂದರೆ ಎದ್ದೇಳು, 'ಒಪ್‌ಸ್ತೊ' ಅಂದರೆ ಉಂಟಾಗು. 'ಗೀ ಒಪ್' ಅಂದರೆ ಕೈಚೆಲ್ಲು. 'ಒಪ್‌ಗೀ'ಗೆ ಆಸೆ ಬಿಡು ಅನ್ನುವ ಅರ್ಥವೂ ಇದೆ, ತಿಳಿಸು ಅನ್ನುವ ಅರ್ಥವೂ ಇದೆ. ಸರ್ಕಾರಿ ಫಾರ್ಮಿನಲ್ಲಿ ಹೆಸರು, ವಿಳಾಸ 'ಒಪ್‌ಗೀ' ಮಾಡು ಅಂತಿದ್ದರೆ ಅವನ್ನು ಬಿಟ್ಟುಕೊಡಬೇಕಾಗಿಲ್ಲ, ಬರೆದುಕೊಡಬೇಕು. ನಿಮ್ಮ ಆ್ಯಪಿನಲ್ಲಿ 'ಫಿಲ್ ಔಟ್ ದ ಫಾರ್ಮ್' ಬಂದರೆ ಅಂಟಿಕೊಂಡ ರೂಪ 'ಉದ್‌ಫುಲ್' ಬಳಸು. ಫಾರ್ಮಿನ ಭಾಷೆ ಅದೇ.

ಪದ ಎಲ್ಲಿ ಕೂರಬೇಕು ಅನ್ನುವುದು ಇನ್ನೊಂದು. 'ಥ್ರೋ ಔಟ್ ದ ಗಾರ್ಬೇಜ್', 'ಥ್ರೋ ದ ಗಾರ್ಬೇಜ್ ಔಟ್', ಇಂಗ್ಲಿಷಿನಲ್ಲಿ ಎರಡೂ ನಡೆಯುತ್ತವೆ. ಡೇನಿಷಿನಲ್ಲಿ ಕಸ ನಡುವೆಯೇ ಬರಬೇಕು: 'ಸ್ಮಿದ್ ಸ್ಕ್ರಾಲೆದ್ ಉದ್'. ಸ್ವೀಡಿಷಿನಲ್ಲಿ ಇದಕ್ಕೆ ತಿರುವುಮುರುವು, ಪುಟ್ಟ ಪದ ಮೊದಲು, ಕಸ ಆಮೇಲೆ. ನಾರ್ವೇಜಿಯನರು ಎರಡನ್ನೂ ಒಪ್ಪುತ್ತಾರೆ. ಅಕ್ಕಪಕ್ಕದ ಮೂರು ಭಾಷೆಗಳು ಇಷ್ಟು ಸಣ್ಣ ವಿಷಯಕ್ಕೆ ಮೂರು ದಾರಿ ಹಿಡಿದಿವೆ. ಆ್ಯಪಿನಲ್ಲಿ ನಿನಗೆ ಇದು ದಿನವೂ ಎದುರಾಗುತ್ತದೆ. 'ಟರ್ನ್ ಆನ್ ನೋಟಿಫಿಕೇಶನ್ಸ್' ಅನ್ನುವುದು ಇಲ್ಲಿ 'ಸ್ಲೊ ನೋಟಿಫಿಕೇಶೋನರ್ ಟಿಲ್'. ಆರಿಸುವುದಾದರೆ ಕೊನೆಯ ಪದ 'ಫ್ರಾ'. ನಡುವೆ ಎಷ್ಟೇ ಉದ್ದದ ಹೆಸರಿದ್ದರೂ ಹೊತ್ತಿಸಬೇಕೋ ಆರಿಸಬೇಕೋ ತಿಳಿಯುವುದು ಕಟ್ಟಕಡೆಗೆ. ಇಂಗ್ಲಿಷರಿಗೆ ಇದು ಕಿರಿಕಿರಿ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ಕನ್ನಡದವರಾದ ನಮಗೇನು ಹೊಸದೇ?

  

ಕನ್ನಡದ ಮಾತು ಬಂತಲ್ಲ, ನನ್ನ ಮುಖ್ಯ ಮಾತು ಇದೇ. ಇಂಗ್ಲಿಷಿನಿಂದ ಡೇನಿಷ್‌ಗೆ ಹೋಗುವಾಗ ನಿನ್ನ ಕನ್ನಡವನ್ನು ಬಾಗಿಲಾಚೆ ನಿಲ್ಲಿಸಬೇಡ. ಇಂಗ್ಲಿಷಿನಲ್ಲಿ ಸುಳಿವೇ ಇಲ್ಲದ ಕೆಲವು ಡೇನಿಷ್ ನಡೆಗಳು ನಮ್ಮ ಮನೆಮಾತಿನಲ್ಲಿವೆ. 'ಸಿಟ್ ಡೌನ್' ಅನ್ನುವುದನ್ನು ಡೇನರು 'ಸೆತ್ತೆ ಸೈ' ಅನ್ನುತ್ತಾರೆ. ಸೈ ಅಂದರೆ ತನ್ನನ್ನು. ನಾವು ಏನನ್ನುತ್ತೇವೆ? ಕೂತುಕೊ. 'ಲೈ ಡೌನ್' ಅವರಿಗೆ 'ಲೆಗ್ಗೆ ಸೈ', ನಮಗೆ ಮಲಗಿಕೊ. 'ಇಮ್ಯಾಜಿನ್' ಅವರಿಗೆ 'ಫೊರೆಸ್ತಿಲ್ಲೆ ಸೈ', ನಮಗೆ ಕಲ್ಪಿಸಿಕೊ. 'ಪುಟ್ ಅಪ್ ವಿತ್' ಅನ್ನುವ ವಿಚಿತ್ರ ಮಾತು ಇಲ್ಲಿ 'ಫಿನ್ನೆ ಸೈ ಈ', ಸಹಿಸಿಕೊ. ನಮ್ಮ 'ಕೊ' ಮಾಡುವ ಕೆಲಸವನ್ನೇ ಹೆಚ್ಚುಕಡಿಮೆ ಅವರ 'ಸೈ' ಮಾಡುತ್ತದೆ. ಇಂಗ್ಲಿಷನ್ನು ನೋಡಿಕೊಂಡು ಬರೆಯುವವರು ಇದನ್ನೇ ಮರೆಯುತ್ತಾರೆ. 'ಸೈನ್ ಅಪ್' ಅನ್ನುವ ಗುಂಡಿಗೆ 'ಟಿಲ್‌ಮೆಲ್' ಅಂತ ಬರೆದು ಬಿಟ್ಟರೆ ಅರ್ಧ ಮಾತಾಯಿತು. ಎದುರಿನವರಿಗೆ ಹೇಳುವಾಗ 'ಸೈ' ಹೋಗಿ 'ದೈ' ಬರುತ್ತದೆ, 'ಟಿಲ್‌ಮೆಲ್ ದೈ' ಅನ್ನಬೇಕು, ಹೆಸರು ನೋಂದಾಯಿಸಿ ಅನ್ನುವುದಕ್ಕೂ ನೋಂದಾಯಿಸಿಕೊಳ್ಳಿ ಅನ್ನುವುದಕ್ಕೂ ಇರುವಷ್ಟು ವ್ಯತ್ಯಾಸ. ಎಲ್ಲ ಕಡೆಯೂ ಹೀಗೆ ತಾಳೆಯಾಗುತ್ತದೆ ಅಂತಲ್ಲ. 'ಲುಕ್ ಫಾರ್ವರ್ಡ್ ಟು' ಅನ್ನುವುದಕ್ಕೆ ಡೇನರು 'ಗ್ಲೇದೆ ಸೈ ಟಿಲ್' ಅನ್ನುತ್ತಾರೆ, ಬರಲಿರುವುದಕ್ಕೆ ಈಗಲೇ ಸಂತೋಷಪಡುವುದು. ನಾವು ಬರೀ ಎದುರುನೋಡುತ್ತೇವೆ.

ಒಳಕ್ಕೆ, ಒಳಗೆ ಎರಡೂ ಬೇರೆ ಅನ್ನುವುದು ನಿನಗೆ ಹೇಳಿಕೊಡಬೇಕಾಗಿಲ್ಲ. ಡೇನಿಷಿನಲ್ಲೂ ಹೋಗುವುದಾದರೆ 'ಇನ್', ಇರುವುದಾದರೆ 'ಇನ್ನೆ'. ಮೇಲಕ್ಕೆ 'ಒಪ್', ಮೇಲೆ 'ಒಪ್ಪೆ'. ಕೆಳಕ್ಕೆ 'ನೆದ್', ಕೆಳಗೆ 'ನೇದೆ'. ಇಂಗ್ಲಿಷು ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಕೂತಿದೆ, ಅಲ್ಲಿಂದ ಬಂದವರು ಇಲ್ಲಿ ವರ್ಷಗಟ್ಟಲೆ ಎಡವುತ್ತಾರೆ.

'ಪ್ಲೀಸ್' ಅನ್ನುವುದಕ್ಕೆ ಡೇನಿಷಿನಲ್ಲಿ ಅಂಥದೇ ಒಂದು ಪದವಿಲ್ಲ. ಡೇನರು ಒರಟರು ಅಂತ ಹೊಸಬರು ದೂರುವುದು ಇದಕ್ಕೇ. ನಮ್ಮ ಮನೆಯಲ್ಲಿ ಯಾರು ನೀರು ಕೇಳುವಾಗ 'ದಯವಿಟ್ಟು' ಅಂದಾರು? 'ಸ್ವಲ್ಪ ನೀರು ಕೊಡ್ತೀಯಾ' ಅನ್ನುತ್ತೇವೆ. ಆ 'ಸ್ವಲ್ಪ' ನೀರಿನ ಅಳತೆಯಲ್ಲ, ಮಾತಿನ ಮೆದುತನ. ಡೇನರಿಗೆ ಆ ಕೆಲಸಕ್ಕೆ 'ಲೀ' ಇದೆ. 'ಹ್ಯಾಂಗ್ ಆನ್' ಬಂದ ಕಡೆ 'ವೆನ್ತ್ ಲೀ' ಬರೆ, ಸ್ವಲ್ಪ ತಾಳು ಅಂದಷ್ಟೇ ಸಹಜವಾಗಿರುತ್ತದೆ. ಆದರೆ ಇದು ಗ್ರಾಹಕರಿಗೆ ಉತ್ತರಿಸುವ ಚಾಟಿಗೆ ಸರಿ, ಗುಂಡಿಗಳಿಗಲ್ಲ. 'ಪ್ಲೀಸ್ ಎಂಟರ್ ಯುವರ್ ಪಾಸ್‌ವರ್ಡ್' ಅನ್ನುವಲ್ಲಿ ಪ್ಲೀಸನ್ನು ಸುಮ್ಮನೆ ಬಿಟ್ಟುಬಿಡು. 'ವೆನ್‌ಲಿಸ್ತ್' ಅಂತ ಒಂದು ಪದ ಸಿಗುತ್ತದೆ, ಹಾಕಬೇಡ. ಅದರಲ್ಲಿ ಮೆಟ್ಟಿಲ ಬಳಿ ಅಂಟಿಸಿದ ನೋಟೀಸಿನ ಬಿಗುಮುಖವಿದೆ. 'ಗೆಟ್ ಸ್ಟಾರ್ಟೆಡ್' ಇದ್ದರೆ 'ಕೊಮ್ ಈ ಗಾಂಗ್', 'ಫೈಂಡ್ ಔಟ್ ಮೋರ್' ಇದ್ದರೆ 'ಲೇಸ್ ಮೇರ', ಅಂದರೆ ಹೆಚ್ಚು ಓದಿ. ಇವು ಇಲ್ಲಿ ಆಗಲೇ ಊರಿದ ಮಾತುಗಳು, ಹೊಸದು ಕಟ್ಟಲು ಹೋಗಬೇಡ.

ಡೇನರೇ ಇಂಗ್ಲಿಷಿನ ಪಡಿಯಚ್ಚು ಮಾತಾಡುತ್ತಾರಲ್ಲ ಅಂತ ನೀನು ಕೇಳಬಹುದು. ಹೌದು. 'ಮೇಕ್ಸ್ ಸೆನ್ಸ್' ಅನ್ನುವುದು 'ಗೀರ್ ಮೇನಿಂಗ್' ಆಗಿ ಬೇರೂರಿದೆ, ಕೋಣೆಯೊಳಗಿನ ಆನೆಯೂ ಇಲ್ಲಿಗೆ ಬಂದಾಗಿದೆ. 1955ರಲ್ಲಿ ಶುರುವಾದ ಇಲ್ಲಿಯ ಭಾಷಾ ಮಂಡಳಿ, ಡೆನ್ಸ್ಕ್ ಸ್ಪ್ರೊನೆವ್ನ್, ಬೆತ್ತ ಹಿಡಿದು ಕೂತಿಲ್ಲ. ಕಾಗುಣಿತದ ನಿಘಂಟು ಹೊರಡಿಸುತ್ತದೆ, ಕೇಳಿದವರಿಗೆ ಸಲಹೆ ಕೊಡುತ್ತದೆ. ಮನೆಮಂದಿ ಆಡಿದರೆ ಅದು ಫ್ಯಾಶನ್ನು, ನೀನು ಬರೆದರೆ ತಪ್ಪು. ನ್ಯಾಯವಲ್ಲ, ಆದರೂ ಲೋಕ ಹೀಗೇ. ಹಾಗಾಗಿ 'ಅಟ್ ದ ಎಂಡ್ ಆಫ್ ದ ಡೇ' ಬಂದಾಗ ದಿನವನ್ನು ಮುಟ್ಟದೆ 'ಈ ಸಿಸ್ಟೆ ಎನ್ನೆ' ಅಂತ ಬರೆ. ಚಕ್ರವರ್ತಿಯ ಹೊಸ ಬಟ್ಟೆ, ಕುರೂಪಿ ಬಾತುಮರಿ ಎದುರಾದರೆ ಮಾತ್ರ ನಿಶ್ಚಿಂತೆಯಿಂದಿರು. 1837ರಲ್ಲೂ 1843ರಲ್ಲೂ ಎಚ್. ಸಿ. ಆಂಡರ್ಸನ್ ಬರೆದ ಕಥೆಗಳಿಂದ ಇಂಗ್ಲಿಷಿನವರು ಒಯ್ದ ಸೊತ್ತು ಅದು, ತವರಿಗೆ ಮರಳಿಸಿದರಾಯಿತು.

ಕರಡು ಮುಗಿದ ಮೇಲೆ ಆಫೀಸಿನ ಒಬ್ಬ ಡೇನ್ ಸಹೋದ್ಯೋಗಿಗೆ ಓದಲು ಕೊಡು. ಆದರೆ ಇಂಗ್ಲಿಷ್ ಮೂಲವನ್ನು ಜೊತೆಗೆ ಕೊಡಬೇಡ. ಇಲ್ಲಿಯವರಿಗೆ ಇಂಗ್ಲಿಷು ಚೆನ್ನಾಗಿ ಬರುತ್ತದೆ. ಮೂಲ ಕಣ್ಣೆದುರಿಗಿದ್ದರೆ ನಿನ್ನ ಡೇನಿಷ್ ಎಡವಿದ ಕಡೆ ಅದರ ಹಿಂದಿನ ಇಂಗ್ಲಿಷನ್ನು ಊಹಿಸಿಕೊಂಡು, ಪರವಾಗಿಲ್ಲ, ಅರ್ಥವಾಗುತ್ತದೆ ಅಂದುಬಿಡುತ್ತಾರೆ. ಮೂಲ ಕಾಣದವರು ತಡೆದು ನಿಂತ ಕಡೆಯಲ್ಲೆಲ್ಲ ಒಂದು ಗೆರೆ ಎಳೆದುಕೊ, ತಿದ್ದಬೇಕಾದ್ದು ಅಷ್ಟೇ.